ಮೂರು ಚಕ್ರದ ಮಕ್ಕಳ ತಳ್ಳುಗಾಡಿ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ನಾಲ್ಕು ಕಾಲಿನ ಮೇಜಿನ ಒಂದು ಕಾಲು ಗಿಡ್ಡವಾದರೆ ಮೇಜು ಕುಂಟುತ್ತದೆ, ಕೂತ ಕೂಡಲೇ ಗೊತ್ತಾಗುತ್ತದೆ. ಮೂರು ಕಾಲಿನ ಸ್ಟೂಲು ಹಾಗಲ್ಲ. ಎಂಥ ನೆಲದ ಮೇಲಿಟ್ಟರೂ ಮೂರೂ ಕಾಲು ಊರಿ ನಿಲ್ಲುತ್ತದೆ. ಮೂರು ಚಕ್ರದ ಸ್ಟ್ರಾಲರ್‌ನ ಹೆಚ್ಚುಗಾರಿಕೆ ಅದೇ, ತೊಡಕೂ ಅದೇ. ಉಬ್ಬುತಗ್ಗಿನ ದಾರಿಯಲ್ಲೂ ಅದರ ಚಕ್ರಗಳು ಸುಲಭಕ್ಕೆ ನೆಲ ಬಿಡುವುದಿಲ್ಲ. ಆದರೆ ಫ್ರೇಮು ಸೊಟ್ಟಗಾಗಿದ್ದರೂ, ಒಂದು ಟೈರಿನ ಗಾಳಿ ಅರ್ಧ ಇಳಿದಿದ್ದರೂ ಅದು ಕುಂಟಿ ತೋರಿಸುವುದಿಲ್ಲ. ಮೆಲ್ಲಗೆ ಒಂದು ಕಡೆಗೆ ಎಳೆಯುತ್ತದೆ, ಇಲ್ಲವೇ ಮುಂದಿನ ಚಕ್ರ ನಡುಗುತ್ತದೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಮುಂದಿನ ಚಕ್ರದ ನಟ್ಟಿಗೆ. ಕಾರಣ ಹಲವು ಸಲ ಹಿಂದಿರುತ್ತದೆ.

ಆದ್ದರಿಂದ ಯಾವ ದೋಷವೇ ಇರಲಿ, ಹುಡುಕುವ ಕ್ರಮ ಒಂದೇ: ಮೊದಲು ಮೂರೂ ಟೈರಿನ ಗಾಳಿ, ಆಮೇಲೆ ಚಕ್ರಗಳು ತಮ್ಮ ಜಾಗದಲ್ಲಿ ಪೂರ್ತಿ ಕೂತಿವೆಯೇ ಎಂಬುದು, ಆಮೇಲೆ ಸಡಿಲ, ಕಟ್ಟಕಡೆಗೆ ಅಲೈನ್‌ಮೆಂಟ್, ಅಂದರೆ ಮುಂದಿನ ಚಕ್ರ ನೇರಕ್ಕೆ ನಿಂತಿದೆಯೇ ಎಂಬುದು. ಈ ಕ್ರಮ ತಪ್ಪಿಸಿ ಮೊದಲೇ ಅಲೈನ್‌ಮೆಂಟ್ ತಿರುಪು ಮುಟ್ಟಿದರೆ, ಗಾಳಿ ತುಂಬಿದ ದಿನ ಗಾಡಿ ಇನ್ನೊಂದು ಕಡೆಗೆ ಎಳೆಯಲು ಶುರುಮಾಡುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಗೇಜ್ ಇರುವ ಕೈಪಂಪು, 4, 5, 6 ಮಿ.ಮೀ. ಅಲೆನ್ ಕೀಗಳು, ಎರಡು ಪ್ಲಾಸ್ಟಿಕ್ ಟೈರ್ ಲಿವರ್, ಪಂಚರ್ ಪ್ಯಾಚು ಮತ್ತು ಸೊಲ್ಯೂಷನ್, ವಾಲ್ವ್ ಪಿನ್ ಬಿಚ್ಚುವ ಸಣ್ಣ ಕೀ, ಸಿಲಿಕೋನ್ ಸ್ಪ್ರೇ, ಹಳೆಯ ಟೂತ್‌ಬ್ರಷ್, ಅಳತೆ ಟೇಪು. ಇವುಗಳ ಜೊತೆಗೆ ಸುಮಾರು 10 ಕೆ.ಜಿ. ತೂಗುವ ಪುಸ್ತಕದ ಚೀಲ. ಸೀಟಿನಲ್ಲಿ ತೂಕವಿಲ್ಲದೆ ಮಾಡಿದ ಪರೀಕ್ಷೆ ಏನೂ ಹೇಳುವುದಿಲ್ಲ. ಮಗುವನ್ನು ಕೂರಿಸಿಕೊಂಡು ಪರೀಕ್ಷೆ ಮಾಡುವುದಂತೂ ಸಲ್ಲದು.

ಗಾಡಿ ಒಂದೇ ಕಡೆಗೆ ಎಳೆಯುತ್ತದೆ

ಮೊದಲು ನೆಲವನ್ನು ಅನುಮಾನಿಸಿ. ಮಳೆನೀರು ಹರಿದುಹೋಗಲೆಂದು ರಸ್ತೆಯನ್ನು ನಡುವಿನಿಂದ ಅಂಚಿಗೆ ಇಳಿಜಾರಾಗಿ ಮಾಡಿರುತ್ತಾರೆ. ಅಂಥ ಕಡೆ ಸರಿಯಿರುವ ಗಾಡಿಯೂ ಅಂಚಿನತ್ತ ಜಾರುತ್ತದೆ. ಮನೆಯೊಳಗಿನ ಹಜಾರದಲ್ಲಿ ಅಥವಾ ಸಮತಟ್ಟಾದ ಕಾಂಕ್ರೀಟಿನ ಮೇಲೆ ಸೀಟಿಗೆ ತೂಕ ಹಾಕಿ, ನೇರ ಗೆರೆಯ ಮೇಲೆ ನಿಲ್ಲಿಸಿ, ಮೆಲ್ಲಗೆ ತಳ್ಳಿ ಕೈ ಬಿಡಿ. 3 ಮೀಟರ್ ಉರುಳಲಿ. ಅದೇ ಗೆರೆಯಲ್ಲಿ ಹಿಂದಿರುಗಿಸಿ ಇನ್ನೊಮ್ಮೆ ಮಾಡಿ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಹೋದರೆ ಅದು ನೆಲದ ಇಳಿಜಾರು. ಎರಡು ಸಲವೂ ಗಾಡಿಯ ಒಂದೇ ಮಗ್ಗುಲಿಗೆ ಹೋದರೆ ಮಾತ್ರ ಗಾಡಿಯ ದೋಷ.

ಮುಂದಿನ ಚಕ್ರ ಸುತ್ತಲೂ ತಿರುಗುವ ಬಗೆಯದಾಗಿದ್ದರೆ ಈಗಲೇ ಮಾಡಬಹುದಾದ ಒಂದು ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಚಕ್ರವನ್ನು ಲಾಕ್ ಮಾಡಿ ಒಮ್ಮೆ, ಲಾಕ್ ಬಿಚ್ಚಿ ಒಮ್ಮೆ ಉರುಳಿಸಿ. ಲಾಕ್ ಮಾಡಿದಾಗ ಮಾತ್ರ ಎಳೆದರೆ ಮುಂದಿನ ಚಕ್ರದ ಕೂರಿಕೆ ಅಥವಾ ಅಲೈನ್‌ಮೆಂಟ್ ತಪ್ಪಿದೆ. ಬಿಚ್ಚಿದಾಗಲೂ ಎಳೆದರೆ ಹಿಂದೆ ಹುಡುಕಿ, ಏಕೆಂದರೆ ಬಿಚ್ಚಿದ ಚಕ್ರ ಗಾಡಿ ಹೋದ ಕಡೆಗೆ ಹೋಗುತ್ತದೆಯೇ ಹೊರತು ತಾನಾಗಿ ದಾರಿ ತಪ್ಪಿಸುವುದು ಅಪರೂಪ.

ಹಿಂದಿನ ಎರಡು ಟೈರಿನ ಗಾಳಿ ಸಮವಾಗಿರಬೇಕು, ಹೆಬ್ಬೆರಳಿನಿಂದ ಒತ್ತಿ ನೋಡಿದಂತಲ್ಲ, ಗೇಜಿನಲ್ಲಿ ಅಳೆದಂತೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡ ಹೆಚ್ಚಾಗಿ 20ರಿಂದ 35 ಪಿಎಸ್‌ಐ ನಡುವೆ ಇರುತ್ತದೆ. ಪ್ಲಾಸ್ಟಿಕ್ ರಿಮ್ಮಿನ ಮೇಲೆ ಬೇರೆ ಮಿತಿ ಬರೆದಿದ್ದರೆ ಎರಡರಲ್ಲಿ ಕಡಿಮೆಯದನ್ನೇ ಪಾಲಿಸಿ. ಹಿಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಿರುಗುತ್ತವೆ. ಹಾಗಾಗಿ ಗಾಳಿ ಇಳಿದ ಟೈರು ಎಳೆಯುವುದು ಅದರ ಅಳತೆ ಕುಗ್ಗಿತೆಂದಲ್ಲ. ಮೆತ್ತಗಾದ ಟೈರು ಉರುಳಲು ಹೆಚ್ಚು ತಡೆ ಒಡ್ಡುತ್ತದೆ, ಫ್ರೇಮು ಆ ಕಡೆಗೆ ವಾಲುತ್ತದೆ. ಎರಡೂ ಸೇರಿ ಗಾಡಿಯನ್ನು ಆ ಮಗ್ಗುಲಿಗೇ ತಿರುಗಿಸುತ್ತವೆ.

ಗಾಳಿ ಸರಿಯಿದ್ದೂ ಎಳೆದರೆ ಹಿಂಭಾಗ ಎತ್ತಿ ಎರಡೂ ಚಕ್ರಗಳನ್ನು ಒಂದೇ ಜೋರಿನಲ್ಲಿ ತಿರುಗಿಸಿ. ಒಂದು ಬೇಗ ನಿಂತರೆ ಅಲ್ಲಿ ಬ್ರೇಕು ಉಜ್ಜುತ್ತಿದೆ, ಇಲ್ಲವೇ ಆಕ್ಸಲ್‌ಗೆ (ಚಕ್ರ ತಿರುಗುವ ಅಚ್ಚಿಗೆ) ದಾರ, ಕೂದಲು ಸುತ್ತಿಕೊಂಡಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಎರಡೂ ಒಂದೇ ರೀತಿ ತಿರುಗಿದರೆ ಚಕ್ರಗಳನ್ನು ಎಡಬಲ ಅದಲುಬದಲು ಮಾಡಿ (ಎಡ, ಬಲ ಎಂದು ಗುರುತು ಹಾಕಿರುವವನ್ನೂ, ಕೈ ಬ್ರೇಕಿನ ಡ್ರಮ್ ಇರುವವನ್ನೂ ಬಿಟ್ಟು). ಎಳೆತವೂ ಮಗ್ಗುಲು ಬದಲಿಸಿದರೆ ದೋಷ ಚಕ್ರದಲ್ಲಿ ಅಥವಾ ಟೈರಿನಲ್ಲಿ. ಬದಲಿಸದಿದ್ದರೆ ಫ್ರೇಮಿನಲ್ಲಿ ಅಥವಾ ಮುಂದೆ.

ಇನ್ನು ಮುಂದಕ್ಕೆ ಬನ್ನಿ. ಗಾಡಿಯನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಮುಂದಿನ ಆಕ್ಸಲ್ ಸಡಿಲಿಸಿ. ತನ್ನ ತೂಕದಿಂದಲೇ ಎರಡೂ ತುದಿ ಫೋರ್ಕಿನ (ಚಕ್ರವನ್ನು ಎರಡೂ ಬದಿ ಹಿಡಿದಿರುವ ಕವೆಯ) ಸೀಳಿನ ತಳಕ್ಕೆ ಕೂರಲಿ, ಆಮೇಲೆ ಬಿಗಿ ಮಾಡಿ. ಗಾಡಿಯನ್ನು ತಲೆಕೆಳಗಾಗಿ ಇಟ್ಟು ಚಕ್ರ ಜೋಡಿಸಿದರೆ ಒಂದು ತುದಿ ಪೂರ್ತಿ ಕೂರದೇ ಉಳಿಯುವುದು ಸಾಮಾನ್ಯ. ಇಷ್ಟು ಸಣ್ಣ ವಿಷಯವೇ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 80 ಸೆಂ.ಮೀ. ಇರುವ ಗಾಡಿಯಲ್ಲಿ ಮುಂದಿನ ಚಕ್ರ ಬರೀ 1 ಡಿಗ್ರಿ ತಿರುಗಿ ಕೂತಿದ್ದರೆ, 3 ಮೀಟರ್ ಉರುಳುವಷ್ಟರಲ್ಲಿ ಗಾಡಿ ಸುಮಾರು 10 ಸೆಂ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಫೋರ್ಕಿನ ಕಾಲುಗಳ ನಡುವೆ 10 ಸೆಂ.ಮೀ. ಅಂತರವಿದ್ದರೆ ಆ 1 ಡಿಗ್ರಿ ಎಂದರೆ ಒಂದು ತುದಿ ಇನ್ನೊಂದಕ್ಕಿಂತ 2 ಮಿ.ಮೀ.ಗೂ ಕಡಿಮೆ ಹಿಂದೆ ಸರಿದಿರುವುದು, ಅಷ್ಟೆ.

ಆಮೇಲೂ ಎಳೆತ ಉಳಿದರೆ ಮುಂದಿನ ಚಕ್ರವನ್ನು ಬಿಚ್ಚಿ, ಎಡಬಲ ತಿರುವಿ ಹಾಕಿ. ಎಳೆತ ತಿರುವುಮುರುವಾದರೆ ಚಕ್ರದ ರಿಮ್ಮು ಹಬ್ಬಿನ (ಚಕ್ರದ ನಡುಗುಂಬದ) ನಡುವಿಗೆ ಸರಿಯಾಗಿಲ್ಲ ಅಥವಾ ಆಕ್ಸಲ್ ಬಾಗಿದೆ. ಹಾಗೇ ಉಳಿದರೆ ಫೋರ್ಕು ಅಥವಾ ಫ್ರೇಮು. ಈ ಹಂತಕ್ಕೆ ಬಂದ ಮೇಲಷ್ಟೇ ಅಲೈನ್‌ಮೆಂಟ್ ತಿರುಪನ್ನು ಮುಟ್ಟಬೇಕು. ಒಂದು ಸಲಕ್ಕೆ ಕಾಲು ಸುತ್ತು, ಮತ್ತೆ 3 ಮೀಟರ್ ಉರುಳಿಸುವುದು, ಮತ್ತೆ ಕಾಲು ಸುತ್ತು. ಎಳೆತ ಹೆಚ್ಚಾದರೆ ಹಿಂದಕ್ಕೆ ತಿರುಗಿಸಿ. ತಿರುಪು ಕೊನೆ ಮುಟ್ಟಿದರೂ ನೇರವಾಗದಿದ್ದರೆ ಟೇಪು ತೆಗೆದುಕೊಂಡು ಹಿಂದಿನ ಆಕ್ಸಲ್‌ನ ಎಡ ತುದಿಯಿಂದ ಮುಂದಿನ ಆಕ್ಸಲ್‌ನ ಎಡ ತುದಿಗೆ, ಬಲದಿಂದ ಬಲಕ್ಕೆ ಅಳೆಯಿರಿ. ಎರಡರ ನಡುವೆ 5 ಮಿ.ಮೀ. ಮೀರಿದ ವ್ಯತ್ಯಾಸವಿದ್ದರೆ ಫ್ರೇಮು ಸೊಟ್ಟಗಾಗಿದೆ ಎಂದೇ ತಿಳಿಯಿರಿ. ಅಲ್ಯುಮಿನಿಯಂ ಕೊಳವೆಯನ್ನು ಬಗ್ಗಿಸಿ ನೇರ ಮಾಡಲು ಹೋಗಬೇಡಿ. ಒಮ್ಮೆ ಬಾಗಿ ಮತ್ತೆ ನೇರವಾದ ಜಾಗದಲ್ಲೇ ಅದು ಬಿರುಕು ಬಿಡುತ್ತದೆ.

ಮುಂದಿನ ಚಕ್ರ ನಡುಗುತ್ತದೆ

ತಿರುಗುವ ಚಕ್ರ ನೆಲ ಮುಟ್ಟುವ ಬಿಂದು, ಅದರ ತಿರುಗಣಿಯ (ಫೋರ್ಕು ಎಡಬಲಕ್ಕೆ ತಿರುಗುವ ಕೀಲಿನ) ಗೆರೆಗಿಂತ ಹಿಂದಿರುತ್ತದೆ. ಅದರಿಂದಲೇ ಚಕ್ರ ಬಾಲದಂತೆ ಗಾಡಿಯನ್ನು ಹಿಂಬಾಲಿಸುವುದು. ವೇಗ ಹೆಚ್ಚಿದಂತೆ ಅದು ಒಂದು ಕಡೆ ಸರಿದು, ತಿದ್ದಿಕೊಳ್ಳಲು ಹೋಗಿ ಇನ್ನೊಂದು ಕಡೆಗೆ ಮೀರಿ ಹೋಗುತ್ತದೆ. ನಡುಕ ಅಂದರೆ ಇದೇ. ಹೀಗಾಗಿ ಓಡುವಾಗಲೂ, ಇಳಿಜಾರಿನಲ್ಲೂ, ಕಲ್ಲುಮಣ್ಣಿನ ದಾರಿಯಲ್ಲೂ ಚಕ್ರವನ್ನು ಲಾಕ್ ಮಾಡಲೇಬೇಕು. ಓಟದ ವೇಗದಲ್ಲಿ ಲಾಕ್ ಇಲ್ಲದೆ ನಡುಗಿದರೆ ಅದು ದೋಷವಲ್ಲ, ಬಳಕೆಯ ತಪ್ಪು.

ನಡಿಗೆಯ ವೇಗದಲ್ಲೇ ನಡುಗಿದರೆ ದೋಷ. ಮುಂಭಾಗ ಎತ್ತಿ ಫೋರ್ಕನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಟಕ್ ಎಂದು ಸದ್ದಾದರೆ ತಿರುಗಣಿ ಸಡಿಲ. ಮೇಲಿನ ಮುಚ್ಚಳ ತೆಗೆದು ನಟ್ಟನ್ನು ಸಡಿಲ ಹೋಗುವಷ್ಟು ಮಾತ್ರ ಬಿಗಿ ಮಾಡಿ. ಗಾಡಿಯನ್ನು ಪಕ್ಕಕ್ಕೆ ವಾಲಿಸಿದರೆ ಚಕ್ರ ತನ್ನ ತೂಕಕ್ಕೇ ತಿರುಗಿಕೊಳ್ಳಬೇಕು, ಅದಕ್ಕಿಂತ ಬಿಗಿ ಬೇಡ. ಒಳಗೆ ನೈಲಾನ್ ಉಂಗುರವಿರುವ ನಟ್ಟು ಬೆರಳಲ್ಲೇ ತಿರುಗುವಂತಾಗಿದ್ದರೆ ಹೊಸದು ಹಾಕಿ. ಕೆಲವು ಗಾಡಿಗಳಲ್ಲಿ ತಿರುಗಣಿಯ ವಾಷರ್ ಬೇಕೆಂದೇ ಸ್ವಲ್ಪ ಉಜ್ಜುವಂತೆ ಇರುತ್ತದೆ, ನಡುಕ ತಡೆಯುವುದು ಆ ಉಜ್ಜಾಟವೇ. ಎಣ್ಣೆ ಬಿಟ್ಟ ಮೇಲೆ ನಡುಕ ಶುರುವಾಯಿತೆಂದರೆ ಎಣ್ಣೆ ಒರೆಸಿ ತೆಗೆಯುವುದೇ ಮದ್ದು.

ತಿರುಗಣಿ ಗಟ್ಟಿಯಾಗಿದ್ದರೆ ಟೈರು ನೋಡಿ. ರಿಮ್ಮಿನ ಅಂಚಿಗೆ ಹತ್ತಿರ ಟೈರಿನ ಮೇಲೆ ಸಣ್ಣ ಗೆರೆಯೊಂದು ಸುತ್ತಲೂ ಓಡುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿರಬೇಕು. ಒಂದು ಕಡೆ ಮುಳುಗಿದ್ದರೆ ಟೈರು ಕೂತಿಲ್ಲ, ಪ್ರತಿ ಸುತ್ತಿಗೂ ಎಗರುತ್ತದೆ. ಗಾಳಿ ಬಿಟ್ಟು, ಅಂಚಿಗೆ ಸೋಪು ನೀರು ಸವರಿ, ಕೈಯಲ್ಲಿ ಎಳೆದು ಸರಿಮಾಡಿ ಮತ್ತೆ ತುಂಬಿ.

ಮುಂದಿನ ಚಕ್ರಕ್ಕೆ ಸೈಕಲ್ಲಿನಂತೆ ಕ್ವಿಕ್ ರಿಲೀಸ್ ಲಿವರ್ ಇದ್ದರೆ ಅದನ್ನು ರೆಕ್ಕೆ ನಟ್ಟಿನಂತೆ ಸುತ್ತಿಸುತ್ತಾ ಬಿಗಿ ಮಾಡುವವರು ಬಹಳ. ಅದು ಬಿಗಿಯಲ್ಲ. ಲಿವರನ್ನು ತೆರೆದು ಎದುರಿನ ನಟ್ಟನ್ನು ಹೊಂದಿಸಿ, ಲಿವರನ್ನು ಮಡಚಿ ಮುಚ್ಚಬೇಕು. ಅರ್ಧ ದಾರಿಯಿಂದ, ಅಂದರೆ ಲಿವರ್ ಆಕ್ಸಲ್‌ನ ನೇರಕ್ಕೆ ಬಂದಾಗಿನಿಂದ, ತಡೆ ಸಿಗಬೇಕು. ಪೂರ್ತಿ ಮುಚ್ಚಿದಾಗ ಅಂಗೈಯಲ್ಲಿ ಅದರ ಅಚ್ಚು ಉಳಿಯಬೇಕು. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಒಂದು ತಯಾರಕ ಸಂಸ್ಥೆಯ ಮೇಲೆ ದೂರು ಹೂಡಿದ್ದು ಇಂಥ ಲಿವರಿನ ಮುಂದಿನ ಚಕ್ರ ಓಡಾಟದಲ್ಲೇ ಕಳಚುತ್ತಿದೆ ಎಂಬ ಕಾರಣಕ್ಕೆ. ಪ್ರತಿ ಸಲ ಹೊರಡುವ ಮೊದಲು ಮುಂಭಾಗ ಎತ್ತಿ ಚಕ್ರವನ್ನು ಕೆಳಕ್ಕೆ ಜಗ್ಗಿ ನೋಡಲು ಎರಡು ಸೆಕೆಂಡು ಸಾಕು.

ಗಾಳಿ ನಿಲ್ಲುವುದಿಲ್ಲ

ಪಂಚರ್ ಹಾಕುವುದು ಎಲ್ಲರಿಗೂ ಬರುತ್ತದೆ. ಅದೇ ಟ್ಯೂಬು ವಾರದಲ್ಲಿ ಮತ್ತೆ ಪಂಚರ್ ಆಗುವುದು ಕಾರಣ ನೋಡದೆ ತೂತು ಮುಚ್ಚಿದ್ದರಿಂದ. ಟ್ಯೂಬಿನ ತೂತು ಎಲ್ಲಿದೆ ಎಂಬುದೇ ಕಾರಣವನ್ನು ಹೇಳುತ್ತದೆ, ಹಾಗಾಗಿ ಟ್ಯೂಬನ್ನು ಹೊರಗೆಳೆಯುವಾಗ ಅದು ಟೈರಿನೊಳಗೆ ಯಾವ ದಿಕ್ಕಿನಲ್ಲಿತ್ತು ಎಂಬುದನ್ನು ವಾಲ್ವ್ ಇದ್ದ ಜಾಗದಿಂದ ಗುರುತಿಟ್ಟುಕೊಳ್ಳಿ.

ನೆಲದ ಕಡೆ ಒಂದೇ ತೂತು ಇದ್ದರೆ ಮುಳ್ಳು, ಗಾಜು, ತಂತಿ. ಗುರುತಿನ ಪ್ರಕಾರ ಟೈರಿನಲ್ಲಿ ಅದೇ ಜಾಗ ಹುಡುಕಿ, ಒಳಗಿನಿಂದ ಬಟ್ಟೆ ಸವರಿ. ಬಟ್ಟೆಯ ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿನ ತುದಿ ಇನ್ನೂ ಇದೆ. ಅಕ್ಕಪಕ್ಕ ಜೋಡಿ ತೂತು, ಹಾವು ಕಚ್ಚಿದ ಗುರುತಿನಂತೆ ಇದ್ದರೆ ಕಡಿಮೆ ಗಾಳಿಯಲ್ಲಿ ಗಾಡಿಯನ್ನು ಮೆಟ್ಟಿಲಿಗೋ ಕಲ್ಲಿಗೋ ಗುದ್ದಿಸಿದ್ದಾರೆ, ರಿಮ್ಮು ಟ್ಯೂಬನ್ನು ಜಜ್ಜಿದೆ. ರಿಮ್ಮಿನ ಕಡೆ ತೂತು ಇದ್ದರೆ ಚಕ್ರದ ಕಡ್ಡಿಯ (ಸ್ಪೋಕ್) ತುದಿ ಅಥವಾ ಪ್ಲಾಸ್ಟಿಕ್ ರಿಮ್ಮಿನ ಅಚ್ಚಿನ ಏಣು ಚುಚ್ಚಿದೆ. ಕಡ್ಡಿ ಚಕ್ರದಲ್ಲಿ ರಿಮ್ ಟೇಪ್ ಸರಿದಿದೆಯೇ ನೋಡಿ, ಪ್ಲಾಸ್ಟಿಕ್ ಆದರೆ ನುಣ್ಣನೆ ಮರಳು ಕಾಗದದಿಂದ ಉಜ್ಜಿ. ವಾಲ್ವ್ ಬುಡದಲ್ಲಿ ಸೀಳಿದ್ದರೆ ಅದಕ್ಕೆ ಪ್ಯಾಚು ಹತ್ತುವುದಿಲ್ಲ, ಟ್ಯೂಬು ಬದಲಿಸಬೇಕು. ಅದರ ಕಾರಣವೂ ಕಡಿಮೆ ಗಾಳಿಯೇ: ಬ್ರೇಕು ಹಾಕಿದಾಗ ಟೈರು ರಿಮ್ಮಿನ ಮೇಲೆ ಸರಿಯುತ್ತದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ, ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡ ವಾಲ್ವ್ ಮಾತ್ರ ಅಲ್ಲೇ ಉಳಿಯುತ್ತದೆ. ವಾಲ್ವ್ ಓರೆಯಾಗಿ ನಿಂತದ್ದು ಕಂಡ ದಿನವೇ ಗಾಳಿ ಬಿಟ್ಟು ನೆಟ್ಟಗೆ ಮಾಡಿದರೆ ಟ್ಯೂಬು ಉಳಿಯುತ್ತದೆ.

ತೂತೇ ಇಲ್ಲದೆ ಎರಡು ಮೂರು ದಿನಕ್ಕೆ ಗಾಳಿ ಇಳಿದರೆ ವಾಲ್ವ್ ಬಾಯಿಗೆ ಒಂದು ಹನಿ ಸೋಪು ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ಪಿನ್ನನ್ನು ಕೀಯಿಂದ ಸ್ವಲ್ಪ ಬಿಗಿ ಮಾಡಿ. ಆಗಲೂ ನಿಲ್ಲದಿದ್ದರೆ ಪಿನ್ನು ಬದಲಿಸಿ.

ಪ್ಯಾಚಿನ ಕ್ರಮದಲ್ಲಿ ತಪ್ಪುವುದು ಒಂದೇ ಜಾಗದಲ್ಲಿ, ಅವಸರದಲ್ಲಿ. ಪ್ಯಾಚಿಗಿಂತ ದೊಡ್ಡ ಜಾಗ ಉಜ್ಜಿ, ಅಚ್ಚಿನ ಉಬ್ಬು ಗೆರೆ ಇದ್ದರೆ ಅದನ್ನೂ ಸಮ ಮಾಡಿ. ಸೊಲ್ಯೂಷನ್ ತೆಳ್ಳಗೆ ಸವರಿ, ಹೊಳಪು ಹೋಗಿ ಮುಟ್ಟಿದರೆ ಅಂಟದಷ್ಟು ಒಣಗುವ ತನಕ, ಸುಮಾರು 5 ನಿಮಿಷ, ಕಾಯಿರಿ. ಒದ್ದೆ ಸೊಲ್ಯೂಷನ್ ಮೇಲೆ ಅಂಟಿಸಿದ ಪ್ಯಾಚು ಕಿತ್ತು ಬರುತ್ತದೆ. ವಾಪಸು ಹಾಕುವಾಗ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ, ಟೈರಿನ ಕೊನೆಯ ಅಂಚನ್ನು ವಾಲ್ವ್ ಹತ್ತಿರ ಬರುವಂತೆ ಮಾಡಿ ಹೆಬ್ಬೆರಳಿನಿಂದಲೇ ಒಳಗೆ ತಳ್ಳಿ. ಸ್ಕ್ರೂಡ್ರೈವರ್ ಹಾಕಿದರೆ ಹೊಸ ತೂತು ಖಂಡಿತ, ಪ್ಲಾಸ್ಟಿಕ್ ರಿಮ್ಮಿನ ಅಂಚು ಸೀಳುವುದೂ ಉಂಟು. ಅರ್ಧ ಗಾಳಿ ತುಂಬಿ, ಆ ಸಣ್ಣ ಗೆರೆ ನೋಡಿ, ಪೂರ್ತಿ ಬಿಟ್ಟು, ಮತ್ತೆ ತುಂಬಿ. ಒಳಗೆ ಮಡಚಿಕೊಂಡ ಟ್ಯೂಬು ಇದರಿಂದ ಬಿಡಿಸಿಕೊಳ್ಳುತ್ತದೆ. ಪೆಟ್ರೋಲ್ ಬಂಕಿನ ಕಂಪ್ರೆಸರ್ ಬೇಡ. ಇಷ್ಟು ಚಿಕ್ಕ ಟ್ಯೂಬು ಕ್ಷಣಾರ್ಧದಲ್ಲಿ ಮಿತಿ ಮೀರುತ್ತದೆ.

ಹೊಸ ಟೈರು, ಟ್ಯೂಬು ತರುವಾಗ ಇಂಚಿನ ಲೆಕ್ಕ ನಂಬಬೇಡಿ. ಟೈರಿನ ಪಕ್ಕದಲ್ಲಿ 47-203 ಎಂಬಂಥ ಸಂಖ್ಯೆ ಇರುತ್ತದೆ: 47 ಮಿ.ಮೀ. ಅಗಲ, 203 ಮಿ.ಮೀ. ಎಂದರೆ ರಿಮ್ಮಿನ ಮೇಲೆ ಟೈರು ಕೂರುವ ವ್ಯಾಸ. ಎರಡನೆಯ ಸಂಖ್ಯೆ ತಾಳೆಯಾಗಲೇಬೇಕು. 16 ಇಂಚು ಎಂದು ಮಾರುವ ಟೈರುಗಳಲ್ಲೇ 305 ಇದೆ, 349 ಇದೆ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ. ಚಿಕ್ಕ ಚಕ್ರಕ್ಕೆ ಬಾಗಿದ ವಾಲ್ವ್ ಇರುವ ಟ್ಯೂಬು ತನ್ನಿ, ನೇರ ವಾಲ್ವಿಗೆ ಪಂಪಿನ ತಲೆ ಹಾಕಲು ಜಾಗವೇ ಇರುವುದಿಲ್ಲ.

ಬ್ರೇಕು ಹಿಡಿಯುವುದಿಲ್ಲ, ಅಥವಾ ಬಿಡುವುದಿಲ್ಲ

ಕಾಲಿನ ಬ್ರೇಕು ಉಜ್ಜಿ ನಿಲ್ಲಿಸುವಂಥದ್ದಲ್ಲ. ಪೆಡಲ್ ಒತ್ತಿದಾಗ ಒಂದೊಂದು ಚಕ್ರದ ಹಬ್ಬಿನ ಹಲ್ಲುಗಳ ನಡುವೆ ಒಂದೊಂದು ಪಿನ್ನು ಹೋಗಿ ಕೂರುತ್ತದೆ. ಪಿನ್ನು ಹಲ್ಲಿಗೆ ಎದುರಾಗಿ ನಿಂತರೆ ಒಳಗೆ ಹೋಗದು. ಆದ್ದರಿಂದ ಪೆಡಲ್ ಒತ್ತಿದ ಮೇಲೆ ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಅಲುಗಿಸಿ, ಟಕ್ ಎಂದು ಬಿದ್ದ ಸದ್ದು ಕೇಳಿಯೇ ಕೈಬಿಡಿ. ಹಲ್ಲಿನ ಅಂತರದಷ್ಟು ಚಕ್ರ ಅಲುಗಾಡುವುದು ಸಹಜ. ಇಳಿಜಾರಿನಲ್ಲಿ ಬ್ರೇಕು ಬಿಡದಿದ್ದರೆ ಗಾಡಿಯ ಭಾರ ಪಿನ್ನನ್ನು ಅಮುಕಿ ಹಿಡಿದಿದೆ. ಪೆಡಲನ್ನು ಒದೆಯುವ ಬದಲು ಹಿಡಿಕೆ ಹಿಡಿದು ಗಾಡಿಯನ್ನು ಮೇಲಕ್ಕೆ ಒಂದು ಬೆರಳಿನಷ್ಟು ತಳ್ಳಿ, ಆಮೇಲೆ ಪೆಡಲ್ ಎತ್ತಿ.

ಬ್ರೇಕು ಹಾಕಿ ಹಿಂದಿನ ಚಕ್ರಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ. ಒಂದೇ ತಿರುಗಿದರೆ ಆ ಕಡೆಯ ಪಿನ್ನಿಗೆ ಮಣ್ಣು ಕಚ್ಚಿದೆ, ಇಲ್ಲವೇ ಎರಡನ್ನೂ ಜೋಡಿಸುವ ಕೇಬಲ್ ಹಿಗ್ಗಿದೆ. ಚಕ್ರ ಬಿಚ್ಚಿ, ಪಿನ್ನಿನ ಗೂಡನ್ನು ಟೂತ್‌ಬ್ರಷ್ಷಿನಿಂದ ಉಜ್ಜಿ ಒಣಗಿಸಿ, ಒಂದು ಸಲ ಸಿಲಿಕೋನ್ ಸ್ಪ್ರೇ ಬಿಡಿ. ಕೇಬಲ್ ಹಿಗ್ಗಿದ್ದರೆ ಅದರ ತುದಿಯ ಅಡ್ಜಸ್ಟರನ್ನು ಅರ್ಧರ್ಧ ಸುತ್ತು ಹೊರಕ್ಕೆ ತಿರುಗಿಸುತ್ತಾ ಪಿನ್ನು ಪೂರ್ತಿ ಹೊರಬರುವಂತೆ ಮಾಡಿ. ಹೆಚ್ಚು ತಿರುಗಿಸಿದರೆ ಬ್ರೇಕು ಬಿಟ್ಟಾಗಲೂ ಪಿನ್ನು ಹಲ್ಲಿಗೆ ತಾಗಿ ಟಿಕ್ ಟಿಕ್ ಎನ್ನುತ್ತದೆ. ಕೇಬಲ್ಲಿನ ಒಂದು ಎಳೆ ತುಂಡಾಗಿ ಕಂಡರೂ ಇಡೀ ಕೇಬಲ್ ಬದಲಿಸಿ. ಆಮೇಲೆ 15 ಕೆ.ಜಿ. ತೂಕ ಹಾಕಿ ಇಳಿಜಾರಿನಲ್ಲಿ, ಮೂತಿ ಮೇಲಾಗಿ ಒಮ್ಮೆ, ಕೆಳಗಾಗಿ ಒಮ್ಮೆ ನಿಲ್ಲಿಸಿ ನೋಡಿ. ಹಿಡಿಕೆಯಲ್ಲಿರುವ ಕೈ ಬ್ರೇಕು ವೇಗ ತಗ್ಗಿಸಲಿಕ್ಕೆ, ನಿಲ್ಲಿಸಿ ಬಿಡಲಿಕ್ಕಲ್ಲ.

ಸದ್ದು, ಬಿಗಿ, ಕೀಲು

ಕಿರುಗುಟ್ಟುವ ಗಾಡಿಗೆ ಸಿಕ್ಕಿದ ಎಣ್ಣೆ ಹಾಕುವುದು ರೋಗಕ್ಕಿಂತ ಕೆಟ್ಟ ಮದ್ದು. ಎಣ್ಣೆ ದೂಳು ಹಿಡಿದು ಅರೆಯುವ ಹಿಟ್ಟಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಬೇರಿಂಗ್ ಒಳಗಿನ ಗ್ರೀಸನ್ನೇ ತೊಳೆದುಬಿಡುತ್ತದೆ. ಪ್ಲಾಸ್ಟಿಕ್ ಕೀಲುಗಳಿಗೂ ಸಸ್ಪೆನ್ಷನ್ ಬುಷ್‌ಗಳಿಗೂ ಸಿಲಿಕೋನ್ ಸ್ಪ್ರೇ ಸಾಕು. ಅದು ಟೈರಿನ ಮೇಲೆ, ಬ್ರೇಕ್ ಡ್ರಮ್ಮಿನೊಳಗೆ ಬೀಳದಂತೆ ನೋಡಿಕೊಳ್ಳಿ.

ಸದ್ದು ಯಾವುದರದ್ದು ಎಂದು ತಿಳಿಯಲು ಗಾಡಿಯನ್ನು ನಿಲ್ಲಿಸಿ ಹಿಡಿಕೆಯನ್ನು ಕೆಳಕ್ಕೆ ಅದುಮಿ. ನಿಂತಲ್ಲೇ ಸದ್ದಾದರೆ ಸಸ್ಪೆನ್ಷನ್ ಅಥವಾ ಕೀಲು, ಉರುಳಿದಾಗ ಮಾತ್ರವಾದರೆ ಚಕ್ರ. ಬೇರಿಂಗ್ ಗರಗರ ಎಂದರೆ ಸ್ವಚ್ಛ ಮಾಡುವ ಗೋಜು ಬೇಡ, ಬದಲಿಸಿ. ಅದರ ಪಕ್ಕದಲ್ಲೇ ನಂಬರ್ ಕೆತ್ತಿರುತ್ತದೆ: 608 ಆದರೆ ಒಳ ವ್ಯಾಸ 8, ಹೊರ ವ್ಯಾಸ 22, ದಪ್ಪ 7 ಮಿ.ಮೀ., 6001 ಆದರೆ 12, 28, 8. ನಂಬರಿನ ಜೊತೆ 2ಆರ್‌ಎಸ್ ಎಂದಿರುವುದನ್ನೇ ತನ್ನಿ, ಎರಡೂ ಬದಿ ರಬ್ಬರ್ ಸೀಲು ಇರುತ್ತದೆ. ಸಮುದ್ರದ ದಡದಲ್ಲಿ ಓಡಾಡಿದ ಗಾಡಿಯನ್ನು ಅಂದೇ ಸಿಹಿನೀರಿನಲ್ಲಿ ತೊಳೆಯಿರಿ. ಜೋರು ಒತ್ತಡದ ಪೈಪು ಬೇಡ, ನೀರು ಸೀಲು ದಾಟಿ ಒಳಗೆ ಹೋಗುತ್ತದೆ.

ಮಡಚುವ ಕೀಲಿನ ಲಾಕು ಎರಡೂ ಬದಿ ಬಿದ್ದಿದೆಯೇ ಎಂದು ಹಿಡಿಕೆ ಅದುಮಿ ನೋಡಿಯೇ ಮಗುವನ್ನು ಕೂರಿಸಬೇಕು. ಬಿಡಿಸುವಾಗ, ಮಡಚುವಾಗ ಮಗು ಒಂದು ಮಾರು ದೂರವಿರಲಿ. ಕೀಲಿನ ಸಂದಿಗೆ ಪುಟ್ಟ ಬೆರಳು ಸಿಕ್ಕಿದರೆ ಕತ್ತರಿಯಂತೆ ಕೆಲಸ ಮಾಡುತ್ತದೆ. ರಿವೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ, ವೆಲ್ಡಿಂಗ್ ಪಕ್ಕ ಕೂದಲೆಳೆಯ ಬಿರುಕು ಕಂಡರೆ ಗಾಡಿಯ ಕೆಲಸ ಮುಗಿಯಿತು. ಬೆಲ್ಟಿನ ಬಕಲ್ ಕಚ್ಚಿಕೊಂಡರೆ ಬೆಚ್ಚನೆ ನೀರಲ್ಲಿ ಅದ್ದಿ ಅಲುಗಾಡಿಸಿ, ಒಳಗಿನ ತಿನಿಸಿನ ಚೂರು ಬಿಡುತ್ತದೆ. ಅದಕ್ಕೆ ಯಾವ ಎಣ್ಣೆಯೂ ಬೇಡ.

ಗಾಡಿ ವಾಲುತ್ತದೆ

ಮೂರು ಚಕ್ರದ ತಳ ತ್ರಿಕೋನ. ಹಿಂದೆ ಅಗಲ, ಮುಂದಕ್ಕೆ ಹೋದಂತೆ ಕಿರಿದು. ಮಗು ಮುಂದಕ್ಕೆ ಬಾಗಿರುವಾಗ ಒಮ್ಮೆಲೇ ತಿರುಗಿಸಿದರೆ, ಅಥವಾ ಒಂದು ಹಿಂಚಕ್ರ ಪಾದಚಾರಿ ದಾರಿಯ ಅಂಚಿನಿಂದ ಕೆಳಗಿಳಿದರೆ, ಗಾಡಿ ಓರೆಯಾಗಿ ಮುಂದಕ್ಕೆ ಮಗುಚುತ್ತದೆ. ಮೆಟ್ಟಿಲನ್ನು ಯಾವಾಗಲೂ ನೇರವಾಗಿ, ಎರಡೂ ಹಿಂಚಕ್ರ ಒಟ್ಟಿಗೆ ಇಳಿಯುವಂತೆ ದಾಟಿಸಿ. ಹಿಂದಕ್ಕೆ ಮಗುಚಲು ಕಾರಣ ಹೆಚ್ಚಾಗಿ ಹಿಡಿಕೆಗೆ ತೂಗಿಸಿದ ಚೀಲ. ಹಿಂದಿನ ಆಕ್ಸಲ್‌ಗಿಂತ 50 ಸೆಂ.ಮೀ. ಹಿಂದೆ ತೂಗುವ 5 ಕೆ.ಜಿ. ಚೀಲ, ಆಕ್ಸಲ್‌ಗಿಂತ 20 ಸೆಂ.ಮೀ. ಮುಂದೆ ಕೂತ 12.5 ಕೆ.ಜಿ. ಮಗುವಿನ ಭಾರವನ್ನು ಸರಿಗಟ್ಟುತ್ತದೆ. ಮಗುವನ್ನು ಎತ್ತಿಕೊಂಡ ಕೂಡಲೇ ಗಾಡಿ ಮಲಗುವುದು ಅದಕ್ಕೇ. ಸಾಮಾನು ಕೆಳಗಿನ ಬುಟ್ಟಿಗೆ.

ಕೊಳ್ಳುವಾಗ ಇದೇ ಪರೀಕ್ಷೆಗಳು

ಆಯ್ಕೆಗೆ ಮೊದಲು ದಾರಿ ನೋಡಿ, ಬಣ್ಣವನ್ನಲ್ಲ. ಅಂಗಡಿ ಓಣಿ, ಲಿಫ್ಟು, ನಯವಾದ ನೆಲವೇ ಹೆಚ್ಚಾದರೆ ತಿರುಗುವ ಮುಂಚಕ್ರ, ಗಾಳಿ ಬೇಡದ ಇವಿಎ (ಗಟ್ಟಿ ಫೋಮಿನ) ಟೈರು ಸಾಕು. ಮಣ್ಣು, ಜಲ್ಲಿ, ಹುಲ್ಲು ಇದ್ದರೆ ಗಾಳಿ ಟೈರೇ ಬೇಕು. ಗಟ್ಟಿ ಟೈರು ಪ್ರತಿ ಕಲ್ಲನ್ನೂ ಮಗುವಿನ ಬೆನ್ನಿಗೆ ತಲುಪಿಸುತ್ತದೆ. ಓಡಲಿಕ್ಕೆಂದೇ ಆದರೆ 16 ಇಂಚಿನ ಹಿಂಚಕ್ರ, ಲಾಕ್ ಆಗುವ ಅಥವಾ ಸ್ಥಿರ ಮುಂಚಕ್ರ, ಕೈ ಬ್ರೇಕು, ಮಣಿಕಟ್ಟಿಗೆ ಹಾಕುವ ಪಟ್ಟಿ ಇರಲೇಬೇಕು. ಮೂರು ಚಕ್ರ ಇದ್ದ ಮಾತ್ರಕ್ಕೆ ಓಟದ ಗಾಡಿಯಲ್ಲ, ಕೈಪಿಡಿಯಲ್ಲಿ ಹಾಗೆ ಬರೆದಿರಬೇಕು. ಮಗುವಿನ ಕತ್ತು ಗಟ್ಟಿಯಾಗುವ ತನಕ, ಸಾಮಾನ್ಯವಾಗಿ ಹೇಳುವಂತೆ 6 ತಿಂಗಳಿಗೆ ಮೊದಲು, ಓಟ ಬೇಡ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಮಾನಕದ ಗುರುತು ಇದೆಯೇ ನೋಡಿ. ಇಎನ್ 1888ರಲ್ಲಿ ಎರಡು ಭಾಗ: ಮೊದಲನೆಯದು 15 ಕೆ.ಜಿ. ತನಕದ, ಎರಡನೆಯದು 22 ಕೆ.ಜಿ. ತನಕದ ಮಕ್ಕಳ ಗಾಡಿಗೆ.

ಬಳಸಿದ ಗಾಡಿಯಾದರೆ ಮಾರುವವರ ಎದುರಿಗೇ 3 ಮೀಟರ್ ಉರುಳಿಸಿ, ಲಾಕ್ ಹಾಕಿ ಒಮ್ಮೆ, ಬಿಚ್ಚಿ ಒಮ್ಮೆ. ಟೈರಿನ ಪಕ್ಕವನ್ನು ಹೆಬ್ಬೆರಳಲ್ಲಿ ಒತ್ತಿ ಅಗಲಿಸಿ, ಬಿಸಿಲಿಗೆ ನಿಂತ ರಬ್ಬರಿನಲ್ಲಿ ಸಣ್ಣ ಬಿರುಕುಗಳು ತೆರೆದುಕೊಳ್ಳುತ್ತವೆ. ಹಿಂಚಕ್ರಗಳನ್ನು ಬಿಚ್ಚಿ ಹಾಕಿ, ಟಕ್ ಎಂದ ಮೇಲೆ ಹೊರಕ್ಕೆ ಜಗ್ಗಿ. ಫ್ರೇಮಿನ ಮೇಲಿನ ಸ್ಟಿಕರಿನಿಂದ ಮಾಡೆಲ್ ಸಂಖ್ಯೆ, ತಯಾರಾದ ದಿನಾಂಕ ಬರೆದುಕೊಂಡು ತಯಾರಕರು ಆ ಮಾಡೆಲನ್ನು ಹಿಂದಕ್ಕೆ ಕರೆಸಿಕೊಂಡಿದ್ದಾರೆಯೇ ಎಂದು ಹುಡುಕಿ. ಸ್ಟಿಕರನ್ನು ಯಾರೋ ಕಿತ್ತಿದ್ದರೆ ಆ ಗಾಡಿಯನ್ನು ಅಲ್ಲೇ ಬಿಟ್ಟು ಬನ್ನಿ.